ಕ್ಷೌರಿಕನ ಸೂಜಿ ಉಳಿಸಿದ ಮುಖಗಳು



ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಆಡಂ ಸ್ಮಿತ್‌ನ ಚಿತ್ರವನ್ನು ನೀವು ನೋಡಿರಬಹುದು. ಆತನ ಕಾಲದಲ್ಲಿ ಕ್ಯಾಮರಾ ಇರಲಿಲ್ಲ. ಆತ ಬದುಕಿದ್ದಾಗಲೇ ಮೂಡಿದ ಚಿತ್ರಗಳು ತೀರ ವಿರಳ. 1787ರಲ್ಲಿ ಜೇಮ್ಸ್ ಟ್ಯಾಸಿ ರೂಪಿಸಿದ ಪದಕ ಅವುಗಳಲ್ಲೊಂದು. ಇನ್ನುಳಿದವುಗಳಿಗಾಗಿ ನಾವು ಎಡಿನ್‌ಬರೋ ನಗರದ ಜಾನ್ ಕೇ ಎಂಬಾತನಿಗೆ ಋಣಿಗಳು. ಆತ ವೃತ್ತಿಯಿಂದ ಕ್ಷೌರಿಕ!

1742ರಲ್ಲಿ ಸ್ಕಾಟ್ಲೆಂಡಿನ ಡಾಲ್‌ಕೀತ್ ಬಳಿ ಹುಟ್ಟಿದ ಕೇ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ಹದಿಮೂರನೆಯ ವಯಸ್ಸಿನಲ್ಲಿ ಕ್ಷೌರ ಕಲಿಯಲು ಸೇರಿದ. ಚಿತ್ರ ಬರೆಯುವುದನ್ನು ತಾನೇ ಕಲಿತ. ಆತನ ಕಲೆಯನ್ನು ಮೆಚ್ಚಿದ್ದ ಶ್ರೀಮಂತರೊಬ್ಬರು ತೀರಿಕೊಂಡ ಮೇಲೆ, ಅವರ ವಾರಸುದಾರರು ವರ್ಷಕ್ಕೆ 20 ಪೌಂಡುಗಳ ಜೀವನಾಂಶ ಗೊತ್ತುಮಾಡಿದರು. 1785ರಲ್ಲಿ ಕೇ ಕ್ಷೌರದ ಕತ್ತಿಯನ್ನು ಕೆಳಗಿಟ್ಟು ಚಿತ್ರದಂಗಡಿ ತೆರೆದ.

ನಮ್ಮ ಸಾಗರ, ಸೊರಬದ ಗುಡಿಗಾರರು ಉಳಿಯಿಂದ ಗಂಧದ ಮರವನ್ನು ಕೆತ್ತುವುದನ್ನು ನೀವು ಬಲ್ಲಿರಿ. ಕೇ ಅನುಸರಿಸಿದ ವಿಧಾನದಲ್ಲಿ ಕೆತ್ತುವ ಕೆಲಸ ಆಮ್ಲದ್ದು! ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ಗೆರೆ ಎಳೆಯುತ್ತಾರೆ. ಲೇಪ ಹೋದ ಕಡೆ ಮಾತ್ರ ಆಮ್ಲವು ತಾಮ್ರವನ್ನು ತಿಂದು ಗೀರು ಮಾಡುತ್ತದೆ. ಗೀರಿನಲ್ಲಿ ಮಸಿ ತುಂಬಿ, ತಗಡಿನ ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ. ಎಡ ಬಲವಾಗುವುದರಿಂದ ತಗಡಿನ ಮೇಲೆ ತಿರುಗುಮುರುಗಾಗಿ ಬರೆಯಬೇಕು.

ಹೀಗೆ ಕೇ ಸುಮಾರು 900 ತಗಡುಗಳನ್ನು ಸಿದ್ಧಪಡಿಸಿದ. ಭೂವಿಜ್ಞಾನಿ ಜೇಮ್ಸ್ ಹಟನ್ ಸುತ್ತಿಗೆ ಹಿಡಿದು ಬಂಡೆಯ ಮುಂದೆ ನಿಂತಿದ್ದಾನೆ. ಬಂಡೆಯ ಅಂಚಿನಲ್ಲೇ ಮನುಷ್ಯರ ಮುಖಗಳು ಇಣುಕುತ್ತವೆ! ಮಂಜುಗಡ್ಡೆ ಕರಗುವಾಗ ಶಾಖ ಹೀರಿದರೂ ಅದರ ತಾಪ ಏರುವುದಿಲ್ಲವೆಂದು ತೋರಿಸಿ, ಗುಪ್ತೋಷ್ಣದ ಕಲ್ಪನೆ ಕೊಟ್ಟ ಜೋಸೆಫ್ ಬ್ಲ್ಯಾಕ್ ಪಾಠ ಹೇಳುತ್ತಿದ್ದಾನೆ. ಇವರ ಜೊತೆಗೇ ಬೀದಿಯ ಸಾಮಾನ್ಯರೂ ಇದ್ದಾರೆ. ತಮ್ಮ ಚಿತ್ರ ಕಂಡು ಸಿಟ್ಟಾದ ಕೆಲವರು ಪ್ರತಿಗಳನ್ನು ಕೊಂಡು ನಾಶಮಾಡಿದರಂತೆ.

ಕೇ 1826ರಲ್ಲಿ ನಿಧನನಾದ. 1837-38ರಲ್ಲಿ ಆತನ ಚಿತ್ರಗಳು ವ್ಯಕ್ತಿಪರಿಚಯಗಳೊಡನೆ ಪುಸ್ತಕವಾಗಿ ಬಂದವು. ಆತ ದೊಡ್ಡ ಕಲಾವಿದನೇನಲ್ಲ. ಆಕೃತಿಗಳು ಕೆಲವೆಡೆ ಬಿಗಿಯಾಗಿವೆ. ಆದರೆ ತನ್ನ ಅಂಗಡಿಯ ಮುಂದೆ ಹಾದುಹೋದವರನ್ನು ಆತ ಕಣ್ಣಿಟ್ಟು ನೋಡಿದ. ಹಾಗೆ ನೋಡದಿದ್ದರೆ ಒಂದು ಊರಿನ ಎಷ್ಟೋ ಮುಖಗಳು ನಮಗೆ ಸಿಗುತ್ತಿರಲಿಲ್ಲ.

ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಹೊಸಮನೆ ಎಂಬ ಬಡಾವಣೆಯಿದೆ. ಅಲ್ಲಿನ ಬೀದಿಯಲ್ಲಿ ದಿನವೂ ಎದುರಾಗುವ ಮೇಷ್ಟರು, ದರ್ಜಿ, ಹೂವಿನಮ್ಮ ಇವರ ಚಿತ್ರಗಳನ್ನು ಯಾರು ಬರೆದಿಡುತ್ತಾರೆ? ಪೆನ್ಸಿಲು ನಿಮ್ಮ ಕೈಯಲ್ಲೇ ಇದೆಯಲ್ಲವೇ?