ಪಂಕ್ತಿಯಲ್ಲಿ ಬೆಳಕು ಬಡಿಸುವವರು

ಭಟ್ಕಳ, ಹೊನ್ನಾವರ, ಕುಮಟಾ. ಈ ಮೂರು ಹೆಸರು ಬರೆಯಲು ಎಷ್ಟು ಅಕ್ಷರ ಬೇಕು? ಕಾಗುಣಿತ, ಒತ್ತು ಎಲ್ಲ ಸೇರಿಸಿ ಎಣಿಸಿ. ಭ, ಟ್ಕ, ಳ ಎಂದು ಮೂರು. ಹೊ, ನ್ನಾ, ವ, ರ ಎಂದು ನಾಲ್ಕು. ಕು, ಮ, ಟಾ ಎಂದು ಮತ್ತೆ ಮೂರು. ಒಟ್ಟು ಹತ್ತು, ಒಂದೂ ಎರಡನೇ ಸಲ ಬರುವುದಿಲ್ಲ. ಈ ಹತ್ತನ್ನು ಒಟ್ಟಿಗೆ ತೋರಿಸಲಾರದ ಒಂದು ಚಿಪ್ ನಲವತ್ತು ವರ್ಷದಿಂದ ಜಗತ್ತಿನ ತುಂಬ ಓಡಾಡುತ್ತಿದೆ.

ಸಾಲಿಗೆ 16 ಅಕ್ಷರದಂತೆ ಎರಡು ಸಾಲು ತೋರಿಸುವ ಪುಟ್ಟ ಪರದೆಯನ್ನು ನೀವು ನೋಡಿರುತ್ತೀರಿ. ಒಂದೋ ಹಸಿರು, ಇಲ್ಲವೇ ನೀಲಿ. ಭಟ್ಕಳದ ಅಂಜುಮನ್ ಕಾಲೇಜೇ ಇರಲಿ, ಇನ್ನೆಲ್ಲೇ ಇರಲಿ, ಎಂಜಿನಿಯರಿಂಗ್ ಓದುವ ಹುಡುಗರ ಪ್ರಾಜೆಕ್ಟಿನಲ್ಲಿ ಅದು ಇದ್ದೇ ಇರುತ್ತದೆ. ಪರದೆಯನ್ನು ಮಗುಚಿದರೆ ಬೆನ್ನಿಗೆ ಕಪ್ಪು ಅಂಟಿನ ಬೊಟ್ಟು ಕಾಣುತ್ತದೆ. ಒಳಗಿರುವುದು ಜಪಾನಿನ ಹಿಟಾಚಿ ಕಂಪನಿ 1980ರ ದಶಕದಲ್ಲಿ ತಂದ ಎಚ್‌ಡಿ44780 ಅಥವಾ ಅದರ ತದ್ರೂಪು. ರೋಮನ್ ಅಕ್ಷರ, ಅಂಕಿ, ಜಪಾನಿನ ಕಟಕಾನ ಲಿಪಿ ಇವೆಲ್ಲ ಅದರೊಳಗೆ ಕಾರ್ಖಾನೆಯಲ್ಲೇ ಅಚ್ಚಾಗಿ ಕೂತಿರುತ್ತವೆ. ಬೇರೆ ಲಿಪಿಯವರಿಗೆಂದು ಬಿಟ್ಟ ಖಾಲಿ ಜಾಗ 64 ಬೈಟು. ಒಂದು ಅಕ್ಷರಕ್ಕೆ 8 ಬೈಟು ಬೇಕು, ಹಾಗಾಗಿ ಎಂಟೇ ಅಕ್ಷರ. ಭಟ್ಕಳ, ಹೊನ್ನಾವರ ಬರೆಯುವಷ್ಟರಲ್ಲಿ ಏಳು ಮುಗಿದು, ಕುಮಟೆಯ ಪಾಲಿಗೆ ಬರೀ ‘ಕು’ ಉಳಿಯುತ್ತದೆ. ಅದೂ ಐದು ಅಡ್ಡ, ಎಂಟು ಉದ್ದದ ನಲವತ್ತು ಚುಕ್ಕಿಯ ಮನೆಯೊಳಗೆ ‘ನ್ನಾ’ ಹಿಡಿಸಿದರೆ!

ತಪ್ಪು ಪರದೆಯದಲ್ಲ. ಪರದೆಗೆ ಕನ್ನಡವೂ ಗೊತ್ತಿಲ್ಲ, ಜಪಾನಿಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಾಲು ಮತ್ತು ಸರದಿ. ಯಾವ ಸಾಲಿನ ಯಾವ ಚುಕ್ಕಿಗೆ ಎಷ್ಟು ಎಂದು ಲೆಕ್ಕ ಇಡುವ ಚಿಪ್ಪಿಗೆ ಕಂಟ್ರೋಲರ್ ಎನ್ನುತ್ತಾರೆ. ಆ ಲೆಕ್ಕದಂತೆ ವಿದ್ಯುತ್ತನ್ನು ಮುಟ್ಟಿಸುವುದು ಡ್ರೈವರ್. ಹಿಟಾಚಿಯ ಚಿಪ್ಪಿನಲ್ಲಿ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ದೊಡ್ಡ ಪರದೆಗಳಲ್ಲಿ ಮನೆ ಬೇರೆಬೇರೆ.

ಇಡಗುಂಜಿಯಲ್ಲೋ ಇನ್ನೊಂದು ಕಡೆಯೋ ದೇವಸ್ಥಾನದ ಊಟಕ್ಕೆ ಕೂತಿದ್ದೀರಿ ಎಂದುಕೊಳ್ಳಿ. ಅಡುಗೆಮನೆ ಬಾಗಿಲಲ್ಲಿ ಒಬ್ಬ ಹಿರಿಯರು ನಿಂತಿರುತ್ತಾರೆ. ಎಷ್ಟನೇ ಪಂಕ್ತಿಗೆ ಏನು ಹೋಯಿತು, ಯಾರಿಗೆ ಅನ್ನ, ಯಾರಿಗೆ ಪಾಯಸ ಎಂಬುದೆಲ್ಲ ಅವರ ತಲೆಯಲ್ಲಿದೆ. ಅವರು ಕಂಟ್ರೋಲರ್. ಬಕೆಟ್ಟು ಹಿಡಿದು ಓಡುವವರು ಡ್ರೈವರುಗಳು. ಪರದೆಯ ಪಂಕ್ತಿಗೆ ಒಂದು ವಿಶೇಷವಿದೆ: ಇಲ್ಲಿ ಒಂದೊಂದು ಎಲೆಯ ಮುಂದೆ ಒಬ್ಬೊಬ್ಬ ಬಡಿಸುವವ ನಿಂತಿರುತ್ತಾನೆ. ಒಬ್ಬ ‘ಮೊದಲ ಪಂಕ್ತಿ’ ಎಂದು ಕೂಗಿದೊಡನೆ ಅಷ್ಟೂ ಜನ ಒಟ್ಟಿಗೆ ಬಡಿಸಿ ಎರಡನೆಯದಕ್ಕೆ ಸರಿಯುತ್ತಾರೆ. ಕೂಗುವವನು ಅಡ್ಡಸಾಲಿನ ಡ್ರೈವರ್, ಬಡಿಸುವವರು ಕಂಬಸಾಲಿನ ಡ್ರೈವರ್.

ಇಷ್ಟೆಲ್ಲ ಕಷ್ಟ ಯಾಕೆ, ಪ್ರತಿ ಚುಕ್ಕಿಗೂ ಒಂದು ತಂತಿ ಎಳೆದರಾಗದೇ? ಸಾಧಾರಣ ಫುಲ್ ಎಚ್‌ಡಿ ಟಿ.ವಿ.ಯಲ್ಲಿ 1920 ಕಂಬ, 1080 ಅಡ್ಡಸಾಲು. ಪ್ರತಿ ಚುಕ್ಕಿಯಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಭಾಗ. ಒಟ್ಟು 62,20,800. ಅಷ್ಟು ತಂತಿ ಎಳೆಯುವವರುಂಟೇ? ಸಾಲಿನ ಲೆಕ್ಕದಲ್ಲಾದರೆ 5760 ಕಂಬ ಮತ್ತು 1080 ಅಡ್ಡಸಾಲು ಸೇರಿ 6840ಕ್ಕೆ ಮುಗಿಯಿತು.

ಇದನ್ನು ಕಣ್ಣಾರೆ ನೋಡಲು ಪೇಟೆಗೆ ಹೋದರೆ ಸಾಕು. ಮೊಬೈಲ್ ಅಂಗಡಿ, ಮೆಡಿಕಲ್ ಸ್ಟೋರುಗಳ ಮೇಲೆ ಕೆಂಪಕ್ಷರ ಓಡುವ ಬೋರ್ಡು ಇರುತ್ತದಲ್ಲ, ಅದರ ತುಂಡಿಗೆ ಬೋರ್ಡಿನವರು ‘ಪಿ10’ ಎನ್ನುತ್ತಾರೆ. ಚುಕ್ಕಿಯಿಂದ ಚುಕ್ಕಿಗೆ 10 ಮಿಲಿಮೀಟರ್ ಅಂತರವಿರುವುದರಿಂದ ಆ ಹೆಸರು. ಒಂದು ತುಂಡಿನಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16, ಒಟ್ಟು 512 ಎಲ್‌ಇಡಿ. ಏಕಬಣ್ಣದ ತುಂಡನ್ನು ಬಿಚ್ಚಿದರೆ ಸಾಮಾನ್ಯವಾಗಿ ಹಿಂದೆ 74ಎಚ್‌ಸಿ595 ಎಂಬ ಹದಿನಾರು ಚಿಪ್ ಸಾಲಾಗಿ ಕೂತಿರುತ್ತವೆ. ಒಂದೊಂದಕ್ಕೆ ಎಂಟು ಕೈ, ಹದಿನಾರಕ್ಕೆ 128. ನಾಲ್ಕು ಸರದಿಯಲ್ಲಿ ಬಡಿಸಿದರೆ 512, ಲೆಕ್ಕ ಚುಕ್ತಾ. ಅಂದರೆ ಯಾವ ಕ್ಷಣದಲ್ಲೂ ಬೋರ್ಡಿನ ಕಾಲು ಭಾಗ ಮಾತ್ರ ಉರಿಯುತ್ತಿರುತ್ತದೆ. ಉಳಿದ ಮುಕ್ಕಾಲು ಉರಿಯುತ್ತಿದೆ ಎಂಬುದು ನಮ್ಮ ಕಣ್ಣಿನ ಔದಾರ್ಯ. ನಂಬಿಕೆ ಬಾರದಿದ್ದರೆ ಮೊಬೈಲಿನಲ್ಲಿ ಶಟರ್ ವೇಗ ಹೆಚ್ಚಿಸಿ ಬೋರ್ಡಿನ ಫೋಟೋ ತೆಗೆಯಿರಿ. ನಡುನಡುವೆ ಕಪ್ಪು ಪಟ್ಟಿ ಕಾಣುತ್ತದೆ.

ಎಲ್‌ಇಡಿ ಕರೆಂಟು ಸಿಕ್ಕಾಗ ಉರಿಯುತ್ತದೆ, ಇಲ್ಲದಾಗ ಆರುತ್ತದೆ. ಸರಳ ಪ್ರಾಣಿ. ಮೊದಲು ನೋಡಿದ ಪುಟ್ಟ ಪರದೆಯಂಥ ಎಲ್‌ಸಿಡಿಯೊಳಗಿನ ದ್ರವಸ್ಫಟಿಕ ಹಾಗಲ್ಲ. ಅದು ತಾನು ಬೆಳಗುವುದಿಲ್ಲ, ಬೆಳಕಿಗೆ ದಾರಿ ಬಿಡುತ್ತದೆ ಅಥವಾ ತಡೆಯುತ್ತದೆ. ಒಂದೇ ದಿಕ್ಕಿನ ವಿದ್ಯುತ್ತು ಬಹಳ ಹೊತ್ತು ಕೊಟ್ಟರೆ ಕೆಡುತ್ತದೆ. ಅದಕ್ಕಾಗಿ ಡ್ರೈವರ್ ಚಿಪ್ ಪ್ಲಸ್ಸು, ಮೈನಸ್ಸು ಅದಲುಬದಲು ಮಾಡುತ್ತಲೇ ಇರಬೇಕು. ಇನ್ನೂ ದೊಡ್ಡ ತಕರಾರು ಬೇರೆ ಇದೆ. ಸಾಲುಗಟ್ಟಿ ಬಡಿಸುವಾಗ ಸರದಿ ಇಲ್ಲದ ಎಲೆಗೂ ಚೂರುಚೂರು ಸಾರು ಸಿಡಿಯುತ್ತದೆ. ದ್ರವಸ್ಫಟಿಕ ಈ ಸಿಡಿದದ್ದನ್ನೂ ಕೂಡಿಸಿಕೊಂಡು ಒಟ್ಟು ಸಿಕ್ಕಿದ್ದೆಷ್ಟು ಎಂದು ನೋಡುತ್ತದೆ. ಸಾಲು ಹೆಚ್ಚಿದಷ್ಟೂ ಬಡಿಸಿಕೊಂಡ ಎಲೆಗೂ ಬಡಿಸಿಕೊಳ್ಳದ ಎಲೆಗೂ ವ್ಯತ್ಯಾಸ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ ಎಂಬ ಸೂತ್ರವನ್ನು ಆಲ್ಟ್ ಮತ್ತು ಪ್ಲೆಶ್ಕೊ 1974ರಲ್ಲಿ ಕೊಟ್ಟರು. ನಾಲ್ಕು ಸಾಲಿದ್ದರೆ ಬೆಳಗಬೇಕಾದ ಚುಕ್ಕಿಗೆ ಬೆಳಗಬಾರದ ಚುಕ್ಕಿಗಿಂತ 1.73 ಪಟ್ಟು ವೋಲ್ಟೇಜು ಸಿಗುತ್ತದೆ. ನೂರು ಸಾಲಾದರೆ 1.11 ಪಟ್ಟು. 240ಕ್ಕೆ ಬಂದರೆ 1.07, ಅಂದರೆ ನೂರಕ್ಕೆ ಏಳು ಹೆಚ್ಚು, ಅಷ್ಟೇ. ಮನೆಯ ಕರೆಂಟು ಮೀಟರಿನ ಅಂಕಿಗಳು ಅಷ್ಟು ಕಪ್ಪಗೆ ಸ್ಪಷ್ಟವಾಗಿರಲು ಕಾರಣ ಇದೇ: ಅಂಥ ಪರದೆಯಲ್ಲಿ ಸರದಿಗಳ ಸಂಖ್ಯೆ ಬೆರಳೆಣಿಕೆಯಷ್ಟು.

ಈ ಗಂಟನ್ನು ಬಿಡಿಸಲು ಕೂತವರಲ್ಲಿ ಬೆಂಗಳೂರಿನವರೂ ಇದ್ದರು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದ ಸಂಗತಿ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಕಟ್ಟಿದ ದ್ರವಸ್ಫಟಿಕ ಪ್ರಯೋಗಾಲಯವಿತ್ತು. ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ಅಲ್ಲಿ 1977ರಲ್ಲಿ ಕಂಡುಕೊಂಡರು. ಮುಂದೆ ಆ ಜಾತಿಯ ಅಣುಗಳು, ಓರೆಯಿಂದ ನೋಡಿದರೂ ಎಲ್‌ಸಿಡಿ ಚಿತ್ರ ಕೆಡದಂತೆ ಹಚ್ಚುವ ಪೊರೆಗೆ ಒದಗಿದವು. ಅದೇ ಸಂಸ್ಥೆಯ ಟಿ.ಎನ್. ರುಕ್ಮಾಂಗದನ್ ಹಿಡಿದದ್ದು ಬಡಿಸುವ ಕ್ರಮವನ್ನೇ. 1983ರಲ್ಲಿ ಅವರು ಎನ್.ವಿ. ಮಧುಸೂದನ ಅವರ ಜೊತೆ ಹೊಸ ವಿಧಾನಗಳನ್ನು ಪ್ರಕಟಿಸಿದರು, 1988ರಲ್ಲಿ ಅವನ್ನು ಇನ್ನಷ್ಟು ವಿಸ್ತರಿಸಿದರು.

ಸ್ಥೂಲವಾಗಿ ಅವರ ದಾರಿ ಹೀಗೆ. ಒಂದು ಪಂಕ್ತಿಗೆ ಒಮ್ಮೆಲೇ ದೊಡ್ಡ ಸೌಟು ಸುರಿದು, ಮುಂದಿನ ಸರದಿಯವರೆಗೆ ಉಪವಾಸ ಕೆಡವುವುದು ಯಾಕೆ? ಹಲವು ಪಂಕ್ತಿಗಳನ್ನು ಒಟ್ಟಿಗೆ ಎಬ್ಬಿಸಿ, ಸಣ್ಣ ಸೌಟಿನಲ್ಲಿ ಹಲವು ಸುತ್ತು ಬಡಿಸೋಣ. ಒಂದೊಂದು ಸುತ್ತಿನಲ್ಲೂ ಪ್ರತಿ ಪಂಕ್ತಿಗೆ ಕೂಡುವ ಅಥವಾ ಕಳೆಯುವ ಒಂದು ಗುರುತು. ಕಂಬದ ಡ್ರೈವರ್ ಆ ಗುರುತುಗಳನ್ನೂ ಚಿತ್ರವನ್ನೂ ತಾಳೆ ನೋಡಿ ಎಷ್ಟು ಕೊಡಬೇಕೆಂದು ಲೆಕ್ಕ ಹಾಕುತ್ತದೆ. ಎಲ್ಲ ಸುತ್ತು ಮುಗಿದಾಗ ಒಬ್ಬರ ಪಾಲು ಇನ್ನೊಬ್ಬರ ಪಾಲನ್ನು ಕೆಡಿಸದೆ, ಯಾರಿಗೆ ಎಷ್ಟು ಸಲ್ಲಬೇಕೋ ಅಷ್ಟೇ ಸಂದಿರುತ್ತದೆ. ಸೌಟು ಸಣ್ಣದಾದ್ದರಿಂದ ಚಿಪ್ಪಿಗೆ ಹೆಚ್ಚಿನ ವೋಲ್ಟೇಜು ಬೇಡ. ಹೊಟ್ಟೆ ನಡುವೆ ಖಾಲಿಯಾಗದ್ದರಿಂದ ಚುರುಕಾದ ದ್ರವಸ್ಫಟಿಕವೂ ಮಸುಕಾಗುವುದಿಲ್ಲ. ಹಲವು ಸಾಲನ್ನು ಒಟ್ಟಿಗೆ ಆರಿಸುವ ಈ ಬಗೆಯ ಡ್ರೈವರ್ ಚಿಪ್ಪುಗಳು ಆಮೇಲೆ ಮಾರುಕಟ್ಟೆಗೂ ಬಂದವು. ನನ್ನ ಮಟ್ಟಿಗೆ, ಪರದೆಗಳ ಚರಿತ್ರೆಯಲ್ಲಿ ಕರ್ನಾಟಕದ ದೊಡ್ಡ ಕೊಡುಗೆ ಇದು. ಶಾಲೆಯ ಪುಸ್ತಕದಲ್ಲಿ ಒಂದು ಸಾಲಾದರೂ ಇರಬೇಕಿತ್ತು.

ಟಿ.ವಿ. ಹಿಡಿದದ್ದು ಬೇರೆ ದಾರಿ. ಗಲ್ಫಿನಿಂದ ಭಟ್ಕಳದ ಮನೆಗಳಿಗೆ ಮೊದಲು ಬಂದ ಟಿ.ವಿ.ಗಳು ಹಿಂದೆ ಉಬ್ಬಿದ ಪಿಕ್ಚರ್ ಟ್ಯೂಬಿನವು. ಅದರಲ್ಲಿ ಎಲೆಕ್ಟ್ರಾನ್ ಕಿರಣವೇ ಮೇಲಿಂದ ಕೆಳಗೆ ಸಾಲುಸಾಲಾಗಿ ಓಡಿ ಚಿತ್ರ ಬರೆಯುತ್ತಿತ್ತು. ಒಂದು ಕಂಬಸಾಲು ಮಾತ್ರ ಸಾಯುವ ಪ್ರಶ್ನೆಯೇ ಇರಲಿಲ್ಲ. ಈಗಿನ ಚಪ್ಪಟೆ ಟಿ.ವಿ.ಯಲ್ಲಿ ಪ್ರತಿ ಚುಕ್ಕಿಯ ಭಾಗಕ್ಕೂ ಗಾಜಿನ ಮೇಲೆಯೇ ಒಂದು ಪುಟ್ಟ ಟ್ರಾನ್ಸಿಸ್ಟರ್ ಇದೆ. ಎಲೆಯ ಬದಲು ಮುಚ್ಚಳವಿರುವ ಬಟ್ಟಲು ಇಟ್ಟ ಹಾಗೆ. ಸರದಿ ಬಂದಾಗ ಮುಚ್ಚಳ ತೆರೆದು, ತುಂಬಿ, ಮುಚ್ಚಿಬಿಟ್ಟರೆ ಮುಂದಿನ ಸುತ್ತಿನವರೆಗೆ ಇಳಿಯುವುದಿಲ್ಲ, ಪಕ್ಕದ್ದು ಸಿಡಿಯುವುದೂ ಇಲ್ಲ. ಸೆಕೆಂಡಿಗೆ 60 ಸುತ್ತು, ಸುತ್ತಿಗೆ 1080 ಸಾಲು. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಸಾಲಿಗೆ ಸಿಗುವುದು ಅದರಲ್ಲಿ ಸುಮಾರು ಹದಿನೈದು ಪಾಲು. ಅಷ್ಟರೊಳಗೆ 5760 ಬಟ್ಟಲಿಗೆ 256 ಬಗೆಯ ಅಳತೆಯಲ್ಲಿ ಸರಿಯಾದದ್ದನ್ನೇ ಆರಿಸಿ ತುಂಬಬೇಕು. ಒಬ್ಬ ಡ್ರೈವರ್ ಚಿಪ್ 960 ಕಂಬ ನೋಡಿಕೊಂಡರೆ ಅಂಥ ಆರು ಚಿಪ್ ಬೇಕು. ಅವರೆಲ್ಲರ ಸರದಿ ನೋಡಿಕೊಳ್ಳುವ ಹಿರಿಯರನ್ನು ರಿಪೇರಿಯವರು ‘ಟೀ-ಕಾನ್’ ಎನ್ನುತ್ತಾರೆ.

ಈ ಆರು ಚಿಪ್ಪುಗಳು ಕೂತಿರುವುದು ಮಡಚಬಹುದಾದ ತೆಳ್ಳನೆಯ ಫಿಲ್ಮಿನ ಮೇಲೆ. ಫಿಲ್ಮಿನ ಒಂದು ಅಂಚು ಗಾಜಿಗೆ ವಿದ್ಯುತ್ ಹರಿಯುವ ವಿಶೇಷ ಅಂಟಿನಿಂದ ಕಚ್ಚಿಕೊಂಡಿರುತ್ತದೆ. ಕೂದಲಿಗಿಂತ ಸಣ್ಣ ಗೆರೆಗಳು ನೂರಾರು. ನಮ್ಮ ಕರಾವಳಿಗೂ ಈ ಅಂಟಿಗೂ ಅಷ್ಟಕ್ಕಷ್ಟೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಉಪ್ಪಿನ ಗಾಳಿ, ಗೋಡೆಯ ಥಂಡಿ. ಒಂದು ಆಷಾಢದಲ್ಲಿ ನಮ್ಮ ಟಿ.ವಿ.ಯ ನಡುವೆ ಮೇಲಿಂದ ಕೆಳಗೆ ಗುಲಾಬಿ ಎಳೆಯೊಂದು ನಿಂತುಬಿಟ್ಟಿತು. ರಿಪೇರಿಯವರು ಹಿಂಬದಿ ಬಿಚ್ಚಿ, ಕೆಳಗಿನ ಅಂಚಿನ ಫಿಲ್ಮನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರು. ಎಳೆ ಮಾಯ. ಬೆರಳು ತೆಗೆದರು, ಹಾಜರ್. ‘ಪ್ಯಾನೆಲ್ ಹೋಗಿಲ್ಲ ಮಾರಾಯ್ರೇ, ಬಡಿಸುವವನ ಕೈ ತಪ್ಪಿದೆ’ ಎಂದು ಅವರೇನೂ ಹೇಳಲಿಲ್ಲ, ಆದರೆ ವಿಷಯ ಅದೇ. ಮೇಲಿಂದ ಕೆಳಗಿನ ಗೆರೆ ಬಂದರೆ ಕಂಬದ ಡ್ರೈವರ್ ಅಥವಾ ಅದರ ಬೆಸುಗೆಯ ಕಡೆ ನೋಡಬೇಕು. ಅಡ್ಡಗೆರೆಯಾದರೆ ಕೂಗುವವನ ಕಡೆ. ಚಿತ್ರವೆಲ್ಲ ಕದಡಿದರೆ ಅಥವಾ ಬಣ್ಣ ತಿರುಗಿದರೆ ಟೀ-ಕಾನ್ ಅಥವಾ ಅದರ ಕೇಬಲ್ಲು. ಪರದೆ ಒರೆಸಲು ನೇರವಾಗಿ ನೀರು ಸಿಂಪಡಿಸುವ ಅಭ್ಯಾಸ ಇದ್ದರೆ ಬಿಡಿ. ಇಳಿದ ಹನಿ ಸೇರುವುದು ಕೆಳಗಿನ ಅಂಚನ್ನೇ, ಹಲವು ಟಿ.ವಿ.ಗಳಲ್ಲಿ ಈ ಫಿಲ್ಮುಗಳು ಇರುವುದೂ ಅಲ್ಲೇ.

ಇನ್ನು ನಮ್ಮ ಹತ್ತು ಅಕ್ಷರಗಳಿಗೆ ಬರೋಣ. ಪಿ10 ಬೋರ್ಡಿನ ಒಳಗೆ ಯಾವ ಅಕ್ಷರವೂ ಅಚ್ಚಾಗಿಲ್ಲ. ಅಕ್ಷರ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಚುಕ್ಕಿಯಾಗಿ, ಆ ಚುಕ್ಕಿಯ ನಕ್ಷೆ ಮಾತ್ರ ಬೋರ್ಡಿನ ಕಾರ್ಡಿಗೆ ಇಳಿಯುತ್ತದೆ. ಅದಕ್ಕೇ ರೈಲು ನಿಲ್ದಾಣದ ಬೋರ್ಡು ಕನ್ನಡ, ಹಿಂದಿ, ಇಂಗ್ಲಿಷುಗಳನ್ನು ಒಂದರ ಹಿಂದೆ ಒಂದು ತೋರಿಸಬಲ್ಲದು. ಎಡವಟ್ಟು ಆಗುವುದು ಚುಕ್ಕಿ ಮಾಡುವ ಹಂತದಲ್ಲಿ. ಯುನಿಕೋಡಿನಲ್ಲಿ ‘ಟ್ಕ’ ಎಂಬುದು ಟ, ಹಲಂತ ಚಿಹ್ನೆ, ಕ ಎಂಬ ಮೂರು ಸಂಕೇತ. ಅವನ್ನು ಕೂಡಿಸಿ ಒತ್ತು ಕಟ್ಟುವ ಜಾಣತನ ತಂತ್ರಾಂಶಕ್ಕೆ ಇಲ್ಲದಿದ್ದರೆ ಭಟ್ಕಳ ‘ಭಟ್‌ಕಳ’ ಆಗುತ್ತದೆ. ಅದು ಸರಿಯಿದ್ದರೂ ಎತ್ತರ ಸಾಲದು. ಇಂಗ್ಲಿಷಿನ ದೊಡ್ಡಕ್ಷರಕ್ಕೆ 16 ಸಾಲು ಧಾರಾಳ. ನಮಗೆ ಅಷ್ಟರಲ್ಲೇ ಮೇಲೆ ತಲೆಕಟ್ಟು, ನಡುವೆ ಅಕ್ಷರ, ಕೆಳಗೆ ಒತ್ತು ಹಿಡಿಸಬೇಕು. ಕೊನೆಗೆ ಒತ್ತು ಮೂರು ಚುಕ್ಕಿಯ ಕಲೆಯಾಗುತ್ತದೆ, ಇಲ್ಲವೇ ಕತ್ತರಿಸಿ ಹೋಗುತ್ತದೆ.

ಅಂಗಡಿಗೆ ಬೋರ್ಡು ಮಾಡಿಸುವವರಿದ್ದರೆ ತುಂಡುಗಳನ್ನು ಒಂದರ ಮೇಲೊಂದು ಎರಡು ಇಡಿಸಿ, 32 ಸಾಲು ಮಾಡಿಸಿಕೊಳ್ಳಿ. ದುಡ್ಡು ಕೊಡುವ ಮುನ್ನ ‘ಹೊನ್ನಾವರ’ ಎಂದು ಬರೆಸಿ, ‘ನ್ನಾ’ ಸರಿಯಾಗಿ ಬಂತೇ ಎಂದು ರಸ್ತೆಯ ಆಚೆ ಬದಿಯಿಂದ ನೋಡಿ.