ಕಾವೇರಿಗೆ ಹುಚ್ಚು ಹಿಡಿಸಿದವರು ಯಾರು?

ವಾದಿ ಕಬೀರ್‌ನ ಗೆಳೆಯರೊಬ್ಬರ ಮನೆಯಲ್ಲಿ ಕಳೆದ ಶುಕ್ರವಾರ ನಾಲ್ಕು ಸಂಸಾರ ಸೇರಿದ್ದೆವು. ಬಿಸಿಬೇಳೆ ಬಾತ್, ಮೊಸರನ್ನ, ಮೇಲೊಂದಿಷ್ಟು ಹರಟೆ. ಹೊರಗೆ ಬೋಳು ಗುಡ್ಡಗಳು ಕಾದ ಹಂಚಿನ ಹಾಗೆ ಉರಿಯುತ್ತಿದ್ದವು. ಎಲ್ಲಿಗೆ ಹೋಗೋಣ ಹೇಳಿ? "ಹಳೇ ಸಿನಿಮಾ ಏನಾದ್ರೂ ಹಾಕಪ್ಪ" ಅಂದರು ಊರಿಂದ ಬಂದಿದ್ದ ಗೆಳೆಯರ ತಾಯಿ. ಮಗ ಹಾಕಿದ್ದು 'ಶರಪಂಜರ'.

1971ರ ಈ ಚಿತ್ರದ ಬಗ್ಗೆ ಕನ್ನಡಿಗರಿಗೆ ಹೆಚ್ಚು ಹೇಳಬೇಕಿಲ್ಲ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ, ಕಾವೇರಿಯಾಗಿ ಕಲ್ಪನಾ, ಗಂಡ ಸತೀಶನಾಗಿ ಗಂಗಾಧರ್. ಇಷ್ಟಪಟ್ಟು ಮದುವೆಯಾದ ಚೆಂದದ ಜೋಡಿ. ಎರಡನೇ ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಮದುವೆಗೆ ಮುಂಚಿನ ಕಹಿ ಘಟನೆಯೊಂದು ಹೊರಬೀಳುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದರೆ ಮನೆಯೇ ಬದಲಾಗಿದೆ! ಆಡಿದ ಮಾತಿಗೆ, ನಕ್ಕ ನಗುವಿಗೆ, ಎಲ್ಲಕ್ಕೂ ಜನ ಹುಚ್ಚಿನ ಅರ್ಥ ಹಚ್ಚುತ್ತಾರೆ. ಗಂಡ ಇನ್ನೊಬ್ಬಳ ಜತೆಗಿದ್ದಾನೆ. ಕೊನೆಗೆ ಅವಳು ನಿಜವಾಗಿಯೂ ಮತ್ತೆ ಕುಸಿಯುತ್ತಾಳೆ.

ಸಿನಿಮಾ ಮುಗಿದಾಗ ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕಾಫಿಯ ಜತೆ ಜಗಳ ಶುರುವಾಯಿತು.

"ಅಲ್ರೀ, ವಾರಕ್ಕೊಂದು ರಜೆ ಸಿಕ್ಕಾಗ ನೋಡೋ ಸಿನಿಮಾನಾ ಇದು? ಮಕ್ಕಳೂ ಕೂತಿದ್ದಾರೆ" ಎಂದು ಒಬ್ಬರ ಆಕ್ಷೇಪ. "ಗುಣವಾದವಳನ್ನು ಮತ್ತೆ ಯಾಕೆ ಹುಚ್ಚಿ ಮಾಡಬೇಕಿತ್ತು? ಒಂದು ಆಶಾಕಿರಣ ಬೇಡವೇ?" ಎಂದು ಇನ್ನೊಬ್ಬರು. ಮತ್ತೊಬ್ಬರು ಸತೀಶನ ಪರ ವಕಾಲತ್ತಿಗೇ ನಿಂತರು: "ಅವನ ಕಷ್ಟವನ್ನೂ ನೋಡಿ, ಮುಚ್ಚಿಟ್ಟ ವಿಷಯ ಹಾಗೆ ಗೊತ್ತಾದರೆ ಯಾರಿಗೆ ನೋವಾಗಲ್ಲ?" ಅವರ ಶ್ರೀಮತಿಯವರು ಕಾಫಿ ಲೋಟ ಕೆಳಗಿಟ್ಟು ನೋಡಿದ ನೋಟ ಇನ್ನೂ ನನ್ನ ಕಣ್ಣ ಮುಂದಿದೆ!

ಆಗ ಅಮ್ಮ ಮೆಲ್ಲಗೆ ಹೇಳಿದರು. "ನಾನು ಇದನ್ನ ಥಿಯೇಟರಿನಲ್ಲಿ ನೋಡಿದಾಗ ಕಾವೇರಿಗೋಸ್ಕರ ಅತ್ತಿದ್ದೆ. ಆದ್ರೆ ಸತೀಶನ ಮೇಲೆ ಸಿಟ್ಟು ಬಂದಿರಲಿಲ್ಲ. ಗಂಡಸರು ಹಾಗೇನೆ ಅಂತ ಅಂದ್ಕೊಂಡಿದ್ವಿ. ಇವತ್ತು ಸಿಟ್ಟು ಬಂತು."

ನನ್ನದೂ ಒಂದು ತಕರಾರಿತ್ತು. ಕಾವೇರಿಯ ಕಾಯಿಲೆಗೆ ಹಳೆಯ ಗುಟ್ಟೊಂದು ಕಾರಣ ಎಂಬಂತೆ ಕತೆ ನಡೆಯುತ್ತದೆ. ಆದರೆ ಬಾಣಂತಿಯರಿಗೆ ಬರುವ ಇಂಥ ತೀವ್ರ ಮನೋರೋಗಕ್ಕೆ ಗುಟ್ಟೂ ಬೇಕಿಲ್ಲ, ಪಾಪಪ್ರಜ್ಞೆಯೂ ಬೇಕಿಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡು ತಾಯಂದಿರಿಗೆ ಇದು ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕಾದ ಸ್ಥಿತಿ ಅದು, ಸರಿಯಾದ ಚಿಕಿತ್ಸೆ ಸಿಕ್ಕರೆ ಗುಣವಾಗುತ್ತದೆ. ಇದಕ್ಕಿಂತ ಎಷ್ಟೋ ಹೆಚ್ಚು ಮಂದಿಯನ್ನು ಕಾಡುವುದು ಹೆರಿಗೆಯ ನಂತರದ ಖಿನ್ನತೆ.

ಹಾಗಂತ ತ್ರಿವೇಣಿಯವರನ್ನು ದೂರಲು ಮನಸ್ಸು ಬಾರದು. ಮನಶ್ಶಾಸ್ತ್ರ ಓದಿದ್ದ ಅವರು, ಇಂಥ ವಿಷಯವನ್ನು ಬಾಯಿ ಬಿಟ್ಟು ಹೇಳಲೂ ಜನ ಹೆದರುತ್ತಿದ್ದ ಕಾಲದಲ್ಲಿ ಕಾದಂಬರಿಯನ್ನೇ ಬರೆದರು. 1963ರಲ್ಲಿ ಮಗಳಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಸಂಕಟ ಬರೆದವರು ಬಾಣಂತಿಯಾಗಿಯೇ ಹೋದರು. ಪರದೆಯ ಮೇಲೆ ಕಾವೇರಿಯನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಇಷ್ಟೆಲ್ಲ ಚರ್ಚೆಯಾಗುವಾಗ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಒಬ್ಬ ತಂಗಿ ಬಾಯಿಬಿಟ್ಟಳು. (ಇಲ್ಲಿ ಬರೆಯಲು ಅವಳ ಒಪ್ಪಿಗೆ ಇದೆ, ಹೆಸರು ಬೇಡ.) "ಎರಡನೇ ಮಗು ಹುಟ್ಟಿದಾಗ ಅಮ್ಮ ಬಂದು ಬಾಣಂತನ ಮುಗಿಸಿ ಹೊರಟುಹೋದ್ರು. ಇವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರೋದು ರಾತ್ರಿ. ಮಗು ಅತ್ತರೆ ನಾನೂ ಅಳ್ತಿದ್ದೆ. ಮೂರು ತಿಂಗಳು ಹಾಗೇ ಇತ್ತು. ಊರಿಗೆ ಫೋನ್ ಮಾಡಿದಾಗ ಮಾತ್ರ ಚೆನ್ನಾಗಿದೀನಿ ಅಂತಿದ್ದೆ. ಯಾರಾದ್ರೂ ಹುಚ್ಚಿ ಅಂದ್ಬಿಟ್ರೆ?"

ಅವಳ ಗಂಡ ಪಕ್ಕದಲ್ಲೇ ಇದ್ದ. ಅವನಿಗೂ ಅದು ಹೊಸ ವಿಷಯ. ಅಲ್ಲಿಗೆ ಜಗಳ ಮುಗಿಯಿತು.

ಅರ್ಧ ಶತಮಾನ ದಾಟಿತು. ಆದರೂ ನಮ್ಮ ಹೆಣ್ಣುಮಕ್ಕಳಿಗೆ ಅದೇ ಭಯ! ಕಾಲವೇನೋ ಬದಲಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಮನೆಯವರು ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಉಳಿಸುವಂತಿಲ್ಲ ಎನ್ನುತ್ತದೆ ಭಾರತದ 2017ರ ಕಾಯ್ದೆ. ಆದರೆ ಗುಣವಾಗಿ ಬಂದವಳಿಗೆ ಮನೆಯೊಳಗೆ ಜಾಗ ಕೊಡುವಂತೆ ಯಾವ ಕಾನೂನು ಮಾಡೀತು? ಕಾವೇರಿ ಆಸ್ಪತ್ರೆಯಲ್ಲಿ ಗುಣವಾದಳು, ಮನೆಯಲ್ಲಿ ಸೋತಳು. ಅದಕ್ಕೇ ಪುಟ್ಟಣ್ಣ ಕೊನೆಗೆ ಆಶಾಕಿರಣ ತೋರಿಸದೆ ಇದ್ದದ್ದು ಸರಿಯೆಂದೇ ನನ್ನ ಅನಿಸಿಕೆ. ಸುಖಾಂತ್ಯವಾಗಿದ್ದರೆ ನಾವು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದೆವು, ಆ ತಂಗಿ ಬಾಯಿ ಬಿಡುತ್ತಿರಲಿಲ್ಲ.

ಇಲ್ಲಿ ನಮಗೆ ಅತ್ತೆ, ದೊಡ್ಡಮ್ಮ, ಪಕ್ಕದ ಮನೆಯಜ್ಜಿ ಯಾರೂ ಇಲ್ಲ. ಇರುವವರು ನಾವು ನಾವೇ. ನಿಮ್ಮ ಬಿಲ್ಡಿಂಗಿನಲ್ಲಿ ಹೊಸ ಬಾಣಂತಿ ಇದ್ದರೆ ಮಗುವಿಗೆ ಉಡುಗೊರೆ ಕೊಟ್ಟು ಬಂದುಬಿಡಬೇಡಿ. ಒಂದು ಡಬ್ಬಿ ಸಾರು-ಅನ್ನ ಒಯ್ದು, ಒಂದು ಗಂಟೆ ಮಗು ನೋಡಿಕೊಳ್ಳಿ. ನಿದ್ದೆ ಬರುತ್ತಾ ಎಂದು ಅವಳನ್ನು ಕೇಳಿ. ಮಾತು ಅಡ್ಡಾದಿಡ್ಡಿಯಾಗಿದ್ದರೆ, ಇಲ್ಲದ್ದು ಕಾಣಿಸಿದರೆ, ಜೀವ ಬೇಡ ಎನ್ನಿಸಿದರೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಇನ್ನು ಸತೀಶನ ವಿಷಯ. ಅವನನ್ನು ಕ್ಷಮಿಸಬಹುದೇ? ನಮ್ಮ ನಾಲ್ಕು ಮನೆಗಳಲ್ಲಿ ಇನ್ನೂ ತೀರ್ಪು ಬಂದಿಲ್ಲ. ನೀವೂ ಒಮ್ಮೆ ಮನೆಮಂದಿಯೆಲ್ಲ ಕೂತು ನೋಡಿ. ನೋಡಿದ ಮೇಲೆ ಟೀವಿ ಆರಿಸಿ, ಮಾತಾಡಿ. ನೀವೇನಂತೀರಿ ಎಂದು ನಮಗೂ ಬರೆಯುತ್ತೀರಲ್ಲ?