ಹಳೆಯ ಫೈಬರ್ ದೋಣಿಗೆ ಹೊಸ ಮೈ

ಬೀಜ, ಗೊಬ್ಬರ, ದನಕರುಗಳ ಸಂಗತಿಯನ್ನು ಬಿಟ್ಟು ಇವರು ಈ ದಿನ ದೋಣಿಯ ಮಾತೆತ್ತಿದರಲ್ಲ ಎಂದು ನಿಮಗೆ ಸೋಜಿಗವಾಗಬಹುದು. ಆದರೆ ಹಿನ್ನೀರಿನ ದಂಡೆಯಲ್ಲಿ ಸಾಗುವಳಿ ಮಾಡುವವರಿಗೆ ದೋಣಿಯೂ ನೇಗಿಲಿನಂತೆ, ಗಾಡಿಯಂತೆ ಒಂದು ಸಲಕರಣೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಕಣಿವೆಗಳನ್ನು ತುಂಬಿದ ಮೇಲೆ ಎಷ್ಟೋ ಮನೆಗಳಿಗೆ ದೋಣಿಯೇ ದಾರಿಯಾಯಿತು. 2025ರ ಜುಲೈಯಲ್ಲಿ ಸಿಗಂದೂರಿನ ಕಡೆಗೆ ದೊಡ್ಡ ಸೇತುವೆ ತೆರೆಯಿತು, ನಿಜ. ಆದರೂ ಒಳಕವಲುಗಳ ಮನೆಯವರಿಗೆ ಹಾಲಿನ ಕ್ಯಾನು, ಅಡಿಕೆ ಮೂಟೆ ದಾಟಿಸಲು ದೋಣಿ ಇಂದಿಗೂ ಬೇಕು.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯವರು ಹಳೆಯ ಫೈಬರ್ ದೋಣಿ ತೋರಿಸಿ, ಏನು ಮಾಡೋಣ ಎಂದು ಕೇಳಿದರು. "ಉಪ್ಪುಕಾಗದ ಹಾಕಿ ಉಜ್ಜಿ, ಬಣ್ಣ ಬಳಿದುಬಿಡಿ" ಎಂದೆ. ಬಳಿದರು. ದೋಣಿ ಮದುಮಗಳ ಹಾಗೆ ಮಿಂಚಿತು. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಅದರ ಕೆಳಗೆ ಅಡಗಿದ್ದ ಬಿರುಕು, ಶಾಲೆಯ ಮಕ್ಕಳನ್ನು ಕರೆದು ತರುವಾಗ ನಡುನೀರಿನಲ್ಲಿ ಬಾಯಿ ಬಿಟ್ಟಿತು. ಮಕ್ಕಳು ಊಟದ ಡಬ್ಬಿಯಲ್ಲಿ ನೀರು ಎತ್ತಿಹಾಕುತ್ತ ದಡ ಸೇರಿದರು. ಯಾರಿಗೂ ಏನೂ ಆಗಲಿಲ್ಲ. ಆ ಮನೆಯ ಅಜ್ಜಿ ನನ್ನನ್ನು ಬೈಯಲಿಲ್ಲ. "ಎಣ್ಣೆ ಮೈಗೆ ಸೀಗೆ ಹಾಕ್ದೆ ಬರೀ ನೀರು ಹೊಯ್ಕಂಡ್ರೆ ಎಣ್ಣೆ ಹೋಗ್ತದನಾ, ತಮಾ?" ಎಂದರು, ಅಷ್ಟೆ. ಬೈದಿದ್ದರೇ ವಾಸಿಯಿತ್ತು. ಅಂದಿನಿಂದ ಈ ಕೆಲಸವನ್ನು ತಿಳಿದವರ ಹತ್ತಿರ ನಿಂತು ಕಲಿತೆ.

ಹಾಗಾದರೆ ಫೈಬರ್ ದೋಣಿ ಎಂದರೇನು? ಮಣ್ಣಿಗೆ ಹುಲ್ಲು ಕಲಸಿ ಗೋಡೆ ಎಬ್ಬಿಸುತ್ತೇವಲ್ಲ, ಇದೂ ಹಾಗೆಯೇ. ಹುಲ್ಲಿನ ಬದಲು ಗಾಜಿನ ನಾರು, ಮಣ್ಣಿನ ಬದಲು ರೆಸಿನ್ ಎಂಬ ರಾಳ. ಗೋಡೆಗೆ ಗಿಲಾವು ಇರುವಂತೆ ಇದರ ಹೊರಮೈಗೆ ಜೆಲ್‌ಕೋಟ್ ಎಂಬ ನುಣುಪಾದ ಪದರ ಇರುತ್ತದೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬಿಸಿಲಿಗೆ ಅದು ಸುಣ್ಣದಂತೆ ಪುಡಿಯಾಗುತ್ತ ಬರುತ್ತದೆ. ಒಳಗೆ ನೀರು ಜಿನುಗಿದಲ್ಲಿ ಬೊಬ್ಬೆ ಏಳುತ್ತದೆ.

ಅಡಿಕೆ ಕೊಯ್ಲು ಮುಗಿದು ಹವೆ ಒಣಗಿರುವ ಮಾಘ, ಫಾಲ್ಗುಣ ಮಾಸಗಳು ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ. ದೋಣಿಯನ್ನು ನೆರಳಿನಲ್ಲಿ ಕವುಚಿ ಹಾಕಿ. ಹಲಸಿನ ಹಣ್ಣು ಬಡಿದು ನೋಡುತ್ತೀರಲ್ಲ, ಹಾಗೆ ಮರದ ಕೊಡತಿಯಿಂದ ಅಡಿಯುದ್ದಕ್ಕೂ ಮೆಲ್ಲಗೆ ತಟ್ಟಿ. 'ಟಣ್' ಎಂದರೆ ಗಟ್ಟಿ. 'ಡೊಬ್' ಎಂದರೆ ಒಳಪದರಗಳು ಬಿಟ್ಟುಕೊಂಡಿವೆ. ಅಲ್ಲಲ್ಲೇ ಸೀಮೆಸುಣ್ಣದಿಂದ ಗುರುತು ಹಾಕಿ. ಯಂತ್ರ ಕೂರಿಸುವ ಹಿಂಬದಿಯ ಹಲಗೆಯನ್ನು ಮರೆಯಬೇಡಿ. ಫೈಬರಿನ ಒಳಗೆ ಅಲ್ಲಿ ಪ್ಲೈವುಡ್ ಇರುವುದುಂಟು. ಬೋಲ್ಟಿನ ತೂತಿನಿಂದ ಕಂದು ನೀರು ಒಸರಿದರೆ ಆ ಮರ ಕೊಳೆತಿದೆ ಎಂದೇ ಅರ್ಥ. ಅಂಥ ದೋಣಿಗೆ ಬಣ್ಣ ಬಳಿಯುವುದು ದುಡ್ಡು ದಂಡ. ಮೊದಲು ಮರ ಬದಲಾಯಿಸಬೇಕು.

ಇನ್ನು ಅಜ್ಜಿ ಹೇಳಿದ ಸೀಗೆಯ ಕೆಲಸ. ಸೋಪಿನ ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಿ. ಒಂದು ಬಟ್ಟೆಯನ್ನು ಅಸಿಟೋನಿನಲ್ಲಿ ನೆನೆಸಿ ಒರೆಸಿ. ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಬಟ್ಟೆಯನ್ನು ಆಗಾಗ ಬದಲಿಸಿ. ಇದನ್ನು ಉಜ್ಜುವ ಮೊದಲೇ ಮಾಡಬೇಕು. ಇಲ್ಲದಿದ್ದರೆ ಉಪ್ಪುಕಾಗದವು ಮೇಣವನ್ನೂ ಎಣ್ಣೆಯನ್ನೂ ಗೀರುಗಳ ಒಳಕ್ಕೇ ತಿಕ್ಕಿ ಬಿಡುತ್ತದೆ. ನಾನು ಕೆಟ್ಟದ್ದು ಇಲ್ಲಿಯೇ.

ಬೊಬ್ಬೆಗಳನ್ನು ಒಡೆದು, ಗಟ್ಟಿ ಜಾಗ ಸಿಗುವವರೆಗೆ ಕೆರೆಯಿರಿ. ಒಳಗಿನ ನೀರು ಹುಳಿವಾಸನೆ ಬರುತ್ತದೆ. ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಕೆಲವು ವಾರ ಒಣಗಲು ಬಿಡಿ. ಒಣಗಿತೋ ಇಲ್ಲವೋ ತಿಳಿಯುವುದು ಹೇಗೆ ಅಂತೀರಾ? ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚನ್ನೂ ಟೇಪಿನಿಂದ ಅಂಟಿಸಿ, ಮರುದಿನ ನೋಡಿ. ಒಳಗಡೆ ಬೆವರಿನ ಹನಿ ಕಂಡರೆ ಇನ್ನೂ ಕಾಯಬೇಕು. ಆಮೇಲೆ ಆ ಕುಳಿಗಳಿಗೆ ಎಪಾಕ್ಸಿ ಪುಟ್ಟಿ ತುಂಬಿ. ಕಾರಿಗೆ ಹಾಕುವ ಪುಟ್ಟಿ ಅಗ್ಗ; ಆದರೆ ಅದು ನೀರು ಹೀರುತ್ತದೆ. ನೀರಿನಡಿಯ ಭಾಗಕ್ಕೆ ಬೇಡ.

ಬಿರುಕು ಆರಪಾರ ಹೋಗಿದ್ದರೆ ಪುಟ್ಟಿ ಸಾಲದು. ಅದರ ಸುತ್ತ, ಗೋಡೆಯ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ. ದಪ್ಪ 4 ಮಿಲಿಮೀಟರ್ ಇದ್ದರೆ ಇಳಿಜಾರು ಸುಮಾರು 5 ಸೆಂಟಿಮೀಟರ್. ಅಲ್ಲಿ ಗಾಜಿನ ಮ್ಯಾಟ್ ಇಟ್ಟು, ರೆಸಿನ್ ಸವರಿ, ಕುಂಚದಿಂದ ಕುಟ್ಟಿ ಗಾಳಿ ಗುಳ್ಳೆ ಹೊರಡಿಸಿ. ಮೊದಲಿನ ದಪ್ಪ ಬರುವವರೆಗೆ ಪದರ ಏರಿಸಿ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆಗೆ ಎರಡು ಸೀಸೆ ಕೊಡುವುದುಂಟು: ನೇರಳೆ ಬಣ್ಣದ ಕೋಬಾಲ್ಟ್ ಒಂದು, ನೀರಿನಂಥ ಹಾರ್ಡನರ್ ಇನ್ನೊಂದು. ಈ ಎರಡನ್ನು ನೇರವಾಗಿ ಬೆರೆಸಲೇಬೇಡಿ. ಬೆಂಕಿ ಹತ್ತೀತು, ಸಿಡಿದೀತು. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ; ಕೊನೆಗೆ 100 ಗ್ರಾಂ ರೆಸಿನಿಗೆ 1ರಿಂದ 2 ಗ್ರಾಂ ಹಾರ್ಡನರ್ ಹಾಕಿ. ಅದರ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಅಪಾಯ. ಕನ್ನಡಕ, ಕೈಚೀಲ ತೊಡಿ. ಹಾಗೂ ಬಿದ್ದರೆ ಕೂಡಲೇ ತುಂಬಾ ಹೊತ್ತು ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಿ. ಬೀಡಿ, ಒಲೆ ಹತ್ತಿರ ಸುಳಿಯಬಾರದು. ಎಪಾಕ್ಸಿಯ ಲೆಕ್ಕವೇ ಬೇರೆ: ಡಬ್ಬಿಯ ಮೇಲೆ ಬರೆದ ಅಳತೆ ಎಷ್ಟೋ ಅಷ್ಟೇ. ಬೇಗ ಒಣಗಲೆಂದು ಹೆಚ್ಚು ಹಾಕಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ.

ಎಲ್ಲ ಗಟ್ಟಿಯಾದ ಮೇಲೆ 80ರ ಕಾಗದದಿಂದ ತೊಡಗಿ, 120, 220 ಎಂದು ನಯವಾಗಿಸುತ್ತ ಹೋಗಿ. ಗಾಜಿನ ದೂಳು ಮೈಗೆ ತುರಿಕೆ, ಪುಪ್ಪುಸಕ್ಕೆ ಕೇಡು. ಮೂಗಿಗೆ ಒಳ್ಳೆಯ ಮಾಸ್ಕ್, ಮೈಗೆ ತುಂಬುತೋಳಿನ ಅಂಗಿ ಇರಲಿ. ಮಕ್ಕಳು ಹತ್ತಿರ ಬರುವುದು ಬೇಡ. ನಯದ ಉಜ್ಜುವಿಕೆಗೆ ವಾಟರ್ ಪೇಪರ್ ಬಳಸಿದರೆ ದೂಳು ಏಳುವುದಿಲ್ಲ. ಆದರೆ ಆಮೇಲೆ ತೊಳೆದು ಪೂರ್ತಿ ಒಣಗಿಸಬೇಕು.

ಕೊನೆಗೆ ಬಣ್ಣ. ಇಬ್ಬನಿ ಆರಿದ ಮೇಲೆ ತೊಡಗಿ, ಬಿಸಿಲು ಏರುವ ಮುನ್ನ ನಿಲ್ಲಿಸಿ. ಎಪಾಕ್ಸಿ ಪ್ರೈಮರ್ ಎರಡು ಕೈ ಬಳಿಯಿರಿ. ಅದರ ಮೇಲೆ ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣ ಎರಡು ಕೈ. ಎಪಾಕ್ಸಿ ಒಂದನ್ನೇ ಬಿಟ್ಟರೆ ಬಿಸಿಲಿಗೆ ಪುಡಿಯೇಳುತ್ತದೆ. ಆದರೆ ದೋಣಿ ಹಗಲಿರುಳೂ ನೀರಿನಲ್ಲೇ ಇರುವುದಾದರೆ ನೀರಿನಡಿಯ ಭಾಗಕ್ಕೆ ಎಪಾಕ್ಸಿಯೇ ಸಾಕು. ಅಲ್ಲಿ ಪಾಲಿಯುರೆಥೇನ್ ಬೊಬ್ಬೆ ಏಳುವುದುಂಟು. ಈ ಬಣ್ಣವನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ; ಅದರ ಮಂಜು ಉಸಿರಿಗೆ ವಿಷ. ಕುಂಚವೇ ಸಾಕು. ಒಂದು ವಾರ ಬಿಟ್ಟು ನೀರಿಗಿಳಿಸಿ. ಉಳಿದ ರೆಸಿನ್, ಥಿನ್ನರ್‌ಗಳನ್ನು ಹೊಳೆಗೆ ಚೆಲ್ಲಬೇಡಿ. ಆ ನೀರನ್ನೇ ಅಲ್ಲವೇ ನಮ್ಮ ದನ ಕುಡಿಯುವುದು?

ದುರಸ್ತಿಯಾದ ದೋಣಿಯನ್ನು ಮೊದಲ ದಿನ ದಡದ ಹತ್ತಿರವೇ ಕಲ್ಲು ಹೇರಿ ಅರ್ಧ ದಿನ ನಿಲ್ಲಿಸಿ ನೋಡಿ. ಒಳಗೆ ತೇವ ಕಾಣದಿದ್ದರೆ ಮಾತ್ರ ಜನ ಹತ್ತಲಿ. ಆಗಲೂ ಜೀವರಕ್ಷಕ ಜಾಕೆಟ್ ತೊಟ್ಟೇ ಹತ್ತಲಿ. ಆ ಅಜ್ಜಿಯ ಮನೆಯ ದೋಣಿಯನ್ನು ಮರುವರ್ಷ ಹೀಗೆಯೇ ಸರಿಮಾಡಿದೆವು. ಮೊದಲ ಸಲ ದಾಟುವಾಗ ಮಕ್ಕಳಿಗಿಂತ ಮುಂಚೆ ನಾನೇ ಹತ್ತಿ ಕೂತೆ.